ಬೊಲೊನ್ಯಾದಲ್ಲಿ ಒಂದೇ ರೂಮು, ಸುತ್ತಲೂ ರೈಲು: ಅಮ್ಮನ ಜೊತೆ ಮೊದಲ ಇಟಲಿ ಪ್ರವಾಸ

ಅಮ್ಮ ಇಟಲಿಗೆ ಬರಲು ಒಪ್ಪಿದ ಸುದ್ದಿ ಹಬ್ಬಿದ್ದೇ ತಡ, ನೆಂಟರೆಲ್ಲ ಒಂದೇ ಪಟ್ಟಿ ಕೊಟ್ಟರು: ರೋಮ್, ಫ್ಲಾರೆನ್ಸ್, ವೆನಿಸ್, ದಾರಿಯಲ್ಲಿ ಪೀಸಾ. ನನಗಿದ್ದ ರಜೆ ವಾರಕ್ಕೂ ಕಡಿಮೆ. ಆ ಪಟ್ಟಿ ಹಿಡಿದು ಹೊರಟರೆ ದಿನ ಬಿಟ್ಟು ದಿನ ಸೂಟ್‌ಕೇಸ್ ತುಂಬುವುದು, ರೂಮು ಖಾಲಿ ಮಾಡುವುದು, ಮುಂದಿನ ಊರಲ್ಲಿ ರೂಮು ಸಿಗುವವರೆಗೆ ಕಾಯುವುದು, ಇದರಲ್ಲೇ ಅರ್ಧ ರಜೆ ಮುಗಿಯುತ್ತದೆ. ಅಮ್ಮನ ಮಂಡಿನೋವು ಬೇರೆ. ಹಾಗಾಗಿ ಮೊದಲೇ ತೀರ್ಮಾನ ಮಾಡಿದೆ: ಒಂದೇ ಊರು, ಒಂದೇ ರೂಮು. ಬೆಳಿಗ್ಗೆ ಕೈಚೀಲ ಹಿಡಿದು ರೈಲು ಹತ್ತುವುದು, ಸಂಜೆ ವಾಪಸ್. ಹಾಸನದಲ್ಲಿ ರೂಮು ಮಾಡಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿ ಬರುತ್ತೇವಲ್ಲ, ಅದೇ ಲೆಕ್ಕ.

ಯಾವ ಊರು ಅನ್ನುವುದನ್ನು ನಾನು ಆರಿಸಿದ್ದು ರೈಲ್ವೆ ನಕ್ಷೆ ಮುಂದಿಟ್ಟುಕೊಂಡು. ಮಿಲಾನ್, ವೆನಿಸ್, ವೆರೋನಾ, ಫ್ಲಾರೆನ್ಸ್ ಮತ್ತು ಆಡ್ರಿಯಾಟಿಕ್ ಕರಾವಳಿ, ಇಷ್ಟೂ ಕಡೆಯ ಹಳಿಗಳು ಬಂದು ಸೇರುವುದು ಬೊಲೊನ್ಯಾದಲ್ಲಿ. ಮೋದೆನಾ ಅಲ್ಲಿಂದ ಅರ್ಧ ಗಂಟೆಯೊಳಗೆ, ಫೆರಾರಾ ಯಾವ ರೈಲು ಅನ್ನುವುದರ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಚಿಲ್ಲರೆ, ಪಾರ್ಮಾ ಸುಮಾರು ಒಂದು ಗಂಟೆ, ರವೆನ್ನಾ ಒಂದೂಕಾಲು ಗಂಟೆಯ ಆಸುಪಾಸು. ಊರು ತಾನೂ ಸಾಮಾನ್ಯದ್ದಲ್ಲ. 1088ರಲ್ಲಿ ಹುಟ್ಟಿತೆಂದು ಹೇಳುವ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಬೀದಿಬದಿಯ ಕಮಾನು ಜಗಲಿಗಳು, ಅಂದರೆ ಪೋರ್ತಿಕೊಗಳು, ಒಟ್ಟು 62 ಕಿಲೋಮೀಟರ್ ಇವೆ. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಮಳೆ ಬಂದರೂ ಬಿಸಿಲಾದರೂ ಸೂರಿನಡಿಯಲ್ಲೇ ನಡೆಯಬಹುದು ಅನ್ನುವುದು ಅಮ್ಮನ ಮಟ್ಟಿಗೆ ದೊಡ್ಡ ಅನುಕೂಲ.

ಊರು ನಿಕ್ಕಿಯಾದ ಮೇಲೆ ತಾರೀಖು. ಇಲ್ಲಿ ಒಂದು ವಿಷಯ ಎಲ್ಲರೂ ಗಮನಿಸಬೇಕು. ಬೊಲೊನ್ಯಾ ದೊಡ್ಡ ವ್ಯಾಪಾರ ಮೇಳಗಳ ಊರು. ಮಾರ್ಚ್‌ನಲ್ಲಿ ಸೌಂದರ್ಯವರ್ಧಕಗಳ ಮೇಳ, ಅದರ ಹಿಂದೆಮುಂದೆ ಮಕ್ಕಳ ಪುಸ್ತಕ ಮೇಳ, ಸೆಪ್ಟೆಂಬರ್ ಕೊನೆಗೆ ಟೈಲ್ಸ್ ಮೇಳ. ಆ ದಿನಗಳಲ್ಲಿ ಹೋಟೆಲ್ ದರ ನೋಡಿದರೆ ಊರೇ ಬೇರೇನೋ ಅನ್ನಿಸುತ್ತದೆ. ವಿಮಾನದ ಟಿಕೆಟ್ ನೋಡುವ ಮುಂಚೆ ಮೇಳದ ಕ್ಯಾಲೆಂಡರ್ ತೆಗೆದು ನೋಡಿ. ನಾವು ಅಕ್ಟೋಬರ್ ಮಧ್ಯಕ್ಕೆ ಹೊಂದಿಸಿಕೊಂಡೆವು. ಒಂದು ಸ್ವೆಟರ್, ಒಂದು ಕೊಡೆ ಸಾಕಾಯಿತು. ಸೋಮವಾರ ಅನೇಕ ಮ್ಯೂಸಿಯಂಗಳಿಗೆ ರಜೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಜನವೂ ಹಾಗೇ ಇರುತ್ತಾರೆ.

ವೀಸಾ ಬಗ್ಗೆ ಹೆದರುವವರೇ ಹೆಚ್ಚು. ಕಾಗದಗಳು ಒಂದಕ್ಕೊಂದು ತಾಳೆಯಾದರೆ ಹೆದರಿಕೆಗೆ ಕಾರಣವಿಲ್ಲ. ಇಟಲಿಯೂ ಸೇರಿ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನದೊಳಗೆ ಅಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ಆರೋಗ್ಯ ವಿಮೆ ಕಡ್ಡಾಯ. ಒಂದೇ ಊರಲ್ಲಿ ಉಳಿಯುವುದರ ಲಾಭ ಇಲ್ಲೂ ಸಿಕ್ಕಿತು: ಹೋಟೆಲ್ ಬುಕಿಂಗ್ ಒಂದೇ ಹಾಳೆ, ದಿನಚರಿ ಅರ್ಧ ಪುಟ. ಅಮ್ಮನ ಖರ್ಚು ನನ್ನದೇ ಅಂತ ಒಂದು ಪತ್ರ ಬರೆದು ಸಹಿ ಹಾಕಿ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಅವಳ ಕಡತದಲ್ಲೂ ಇಟ್ಟೆ.

ಬೆಂಗಳೂರಿನಿಂದ ಬೊಲೊನ್ಯಾಗೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಶೆಂಗೆನ್ ವಲಯದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. ಹಾಗಾಗಿ ಅಲ್ಲಿ ಮುಂದಿನ ವಿಮಾನಕ್ಕೆ ಒಂದು ಗಂಟೆ ಬಿಡುವು ಸಾಲದು. ನಾವು ಹೋದದ್ದು ದುಬೈ ಮೇಲೆ, ಬೊಲೊನ್ಯಾದಲ್ಲೇ ಇಳಿದು ಮುದ್ರೆ ಹಾಕಿಸಿಕೊಂಡೆವು. ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಮಾರ್ಕೋನಿ ಎಕ್ಸ್‌ಪ್ರೆಸ್ ಅನ್ನುವ ಮೊನೊರೈಲು 2020ರಿಂದ ಓಡುತ್ತಿದೆ. ಏಳೆಂಟು ನಿಮಿಷದ ದಾರಿ.

ರೂಮನ್ನು ರೈಲು ನಿಲ್ದಾಣ ಮತ್ತು ಊರಿನ ಮುಖ್ಯ ಚೌಕವಾದ ಪಿಯಾಜ್ಜಾ ಮಾಜ್ಜೋರೆಯ ನಡುವೆ, ವಿಯಾ ದೆಲ್ಲಿಂದಿಪೆಂದೆನ್ಸಾ ಬೀದಿಗೆ ಹತ್ತಿರವಾಗಿ ಹಿಡಿದೆ. ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಗಿಂತ ದೂರವಿದ್ದರೆ ಈ ಯೋಜನೆಯ ಅರ್ಥವೇ ಹೋಗುತ್ತದೆ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರುತ್ತದೆ ಅಂತ ನಂಬುವ ಹಾಗಿಲ್ಲ, ಬುಕ್ ಮಾಡುವ ಮುಂಚೆ ಬರೆದು ಕೇಳಿದೆ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ನಗರಸಭೆಯ ತೆರಿಗೆ ಹೋಟೆಲಿನಲ್ಲೇ ಬೇರೆ ಕಟ್ಟಬೇಕು. ಬುಕಿಂಗ್ ಮೊತ್ತದಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಯಾವುದನ್ನು ಮೊದಲೇ ಕಟ್ಟಿಹಾಕಬೇಕು, ಯಾವುದನ್ನು ಸಡಿಲ ಬಿಡಬೇಕು ಅನ್ನುವುದರಲ್ಲೇ ಸಣ್ಣ ಪ್ರವಾಸದ ಸುಖ ಇದೆ. ಇಟಲಿಯ ಪ್ರಾದೇಶಿಕ ರೈಲುಗಳಿಗೆ, ರೆಜೊನಾಲೆ ಅಂತಾರೆ, ಟಿಕೆಟ್ ದರ ದೂರದ ಮೇಲೆ. ತಿಂಗಳ ಮುಂಚೆ ಕೊಂಡರೂ ಅಷ್ಟೇ, ಹತ್ತು ನಿಮಿಷ ಮುಂಚೆ ಕೊಂಡರೂ ಅಷ್ಟೇ. ಸೀಟು ನಂಬರ್ ಇಲ್ಲ, ರೈಲು ತುಂಬಿತು ಅಂತ ಟಿಕೆಟ್ ಮುಗಿಯುವುದೂ ಇಲ್ಲ. ಹೈಸ್ಪೀಡ್ ರೈಲುಗಳದ್ದು ಬೇರೆ ಕಥೆ. ವಿಮಾನದ ಟಿಕೆಟ್ಟಿನಂತೆ ದಿನ ಹತ್ತಿರ ಬಂದ ಹಾಗೆ ದರ ಏರುತ್ತದೆ, ಟಿಕೆಟ್ ಆ ರೈಲಿಗೆ ಮಾತ್ರ. ಆದ್ದರಿಂದ ನಾನು ಪ್ರಾದೇಶಿಕ ರೈಲಿನಲ್ಲೇ ಹೋಗಿಬರಬಹುದಾದ ಊರುಗಳನ್ನೇ ಆರಿಸಿದೆ. ಮನೆಯಿಂದ ಹೊರಡುವಾಗ ಕೈಯಲ್ಲಿ ನಿಕ್ಕಿಯಾಗಿದ್ದದ್ದು ವಿಮಾನ, ರೂಮು ಮತ್ತು ರವೆನ್ನಾದ ಪ್ರವೇಶ ಟಿಕೆಟ್. ಉಳಿದದ್ದನ್ನೆಲ್ಲ ಹಿಂದಿನ ರಾತ್ರಿ ಹವಾಮಾನ ನೋಡಿ, ಅಮ್ಮನ ಮಂಡಿ ಹೇಗಿದೆ ಅಂತ ಕೇಳಿ ತೀರ್ಮಾನಿಸುತ್ತಿದ್ದೆ.

ಬೊಲೊನ್ಯಾ ನಿಲ್ದಾಣ ದೊಡ್ಡದು, ಗೊತ್ತಿಲ್ಲದವರನ್ನು ಸುತ್ತಿಸುತ್ತದೆ. ಹೈಸ್ಪೀಡ್ ರೈಲುಗಳ ಪ್ಲಾಟ್‌ಫಾರ್ಮ್‌ಗಳು ನೆಲದಡಿ ಆಳದಲ್ಲಿವೆ, ಇಳಿಯಲು ಹತ್ತು ನಿಮಿಷ ಇಟ್ಟುಕೊಳ್ಳಬೇಕು. ಮೇಲಿನ ಕೆಲವು ಪ್ಲಾಟ್‌ಫಾರ್ಮ್‌ಗಳಿಗೆ ನಂಬರಿನ ಜೊತೆ ‘ಓವೆಸ್ತ್’, ‘ಎಸ್ತ್’, ಅಂದರೆ ಪಶ್ಚಿಮ, ಪೂರ್ವ ಅಂತಲೂ ಇರುತ್ತದೆ. ಅದೇ ನಂಬರಿನದ್ದು ಇನ್ನೊಂದು ಇದೆ ಅಂತ ಅದರ ಅರ್ಥ. ಬೋರ್ಡಿನಲ್ಲಿ ಬರುವುದು ರೈಲಿನ ಕೊನೆಯ ನಿಲ್ದಾಣದ ಹೆಸರು. ಫೆರಾರಾಕ್ಕೆ ಹೋಗುವವರು ‘ವೆನೆಸಿಯಾ’ ಅಂತ ಬರೆದ ರೈಲು ಹತ್ತಬೇಕು, ಮೋದೆನಾದವರು ‘ಪಿಯಾಚೆನ್ಸಾ’ ಅಥವಾ ‘ಮಿಲಾನೊ’, ರವೆನ್ನಾಗೆ ಕೆಲವೊಮ್ಮೆ ‘ರಿಮಿನಿ’. ಊರಿನ ಹೆಸರು ಹುಡುಕುವ ಬದಲು ರೈಲಿನ ನಂಬರ್ ಹಿಡಿದು ಹುಡುಕಿದರೆ ಗೊಂದಲವೇ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಅಲ್ಲಿರುವ ಪುಟ್ಟ ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಬೇಕು, ಮೊಬೈಲ್ ಟಿಕೆಟ್ ಆದರೆ ಚೆಕ್-ಇನ್ ಒತ್ತಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಅದೇ ನಿಲ್ದಾಣದ ಹೊರಗೋಡೆಯ ಗಡಿಯಾರ 10:25ಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು ಇಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ನಿಲ್ಲಿಸಿಟ್ಟಿರುವುದು ಆ ನೆನಪಿಗೆ. ಕಾಯುವ ಕೋಣೆಯಲ್ಲಿ ಹೆಸರುಗಳ ಫಲಕವಿದೆ. ರೈಲಿಗೆ ಸಮಯವಿದ್ದರೆ ಒಂದು ನಿಮಿಷ ನಿಂತು ನೋಡಿ.

ರವೆನ್ನಾಗಾಗಿ ಮಾತ್ರ ನಾನು ಹಟ ಹಿಡಿದಿದ್ದೆ. ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗಕ್ಕೆ ಕೊನೆಗಾಲದಲ್ಲಿ ರಾಜಧಾನಿಯಾಗಿದ್ದ ಊರು, ಆಮೇಲೆ ಗಾಥ್‌ಗಳದ್ದು, ಆಮೇಲೆ ಬೈಜಾಂಟಿಯಂನದ್ದು. 5 ಮತ್ತು 6ನೇ ಶತಮಾನದ ಅಲ್ಲಿನ ಎಂಟು ಕಟ್ಟಡಗಳು 1996ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಸಾನ್ ವಿತಾಲೆ, ಗಾಲಾ ಪ್ಲಾಸಿಡಿಯಾ ಸಮಾಧಿಮಂದಿರ, ಸಾಂತಪೊಲ್ಲಿನಾರೆ ನುವೊವೊ ಮತ್ತು ನೆಯೊನಿಯಾನೊ ದೀಕ್ಷಾಮಂದಿರಕ್ಕೆ ಒಂದೇ ಟಿಕೆಟ್ ಸಿಗುತ್ತದೆ. ಸಮಾಧಿಮಂದಿರ ಮತ್ತು ದೀಕ್ಷಾಮಂದಿರ ಎರಡೂ ತೀರಾ ಚಿಕ್ಕವು, ಒಳಗೆ ಹೋಗುವ ಹೊತ್ತನ್ನು ಮೊದಲೇ ಕಾಯ್ದಿರಿಸಬೇಕು. ಅದಕ್ಕೇ ಇದೊಂದನ್ನು ಮನೆಯಿಂದಲೇ ಬುಕ್ ಮಾಡಿದ್ದೆ.

ಗಾಲಾ ಪ್ಲಾಸಿಡಿಯಾ ಹೊರಗಿನಿಂದ ನೋಡಿದರೆ ಇಟ್ಟಿಗೆಯ ಗಿಡ್ಡ ಕಟ್ಟಡ, ಶಿಲುಬೆಯ ಆಕಾರ. ಒಳಗೆ ಬಿಡುವುದು ಕೆಲವೇ ನಿಮಿಷ. ಮೊದಲು ಕತ್ತಲೆ ಅನ್ನಿಸುತ್ತದೆ, ಫೋನು ತೆಗೆಯಬೇಡಿ, ಕಣ್ಣು ಹೊಂದಿಕೊಳ್ಳಲಿ. ಕಿಟಕಿಗಳಿಗೆ ಗಾಜಿಲ್ಲ, ಅಲಬಾಸ್ಟರ್ ಕಲ್ಲಿನ ತೆಳು ಹಲಗೆಗಳು. ಬೆಳಕು ಜೇನುಬಣ್ಣಕ್ಕೆ ತಿರುಗಿ ಒಳಗೆ ಬರುತ್ತದೆ. ಆಮೇಲೆ ತಲೆಯ ಮೇಲೆ ಗಾಢ ನೀಲಿ ತೆರೆದುಕೊಳ್ಳುತ್ತದೆ, ಅದರ ತುಂಬ ಬಂಗಾರದ ನಕ್ಷತ್ರ. ಪಕ್ಕದ ಕಮಾನಿನಲ್ಲಿ ಬಳ್ಳಿಯ ನಡುವೆ ನೀರು ಕುಡಿಯಲು ಬಂದ ಜಿಂಕೆಗಳು. ಎಲ್ಲವೂ ಮೊಸಾಯಿಕ್, ಅಂದರೆ ಪುಟ್ಟ ಗಾಜಿನ ಹರಳು ಜೋಡಿಸಿ ಮಾಡಿದ ಚಿತ್ರ. ಹತ್ತಿರ ಹೋದರೆ ಹರಳುಗಳು ಒಂದೇ ಮಟ್ಟದಲ್ಲಿಲ್ಲ, ಒಂದೊಂದು ಒಂದೊಂದು ಕೋನಕ್ಕೆ ವಾಲಿವೆ. ನಾವು ಕದಲಿದ ಹಾಗೆ ಗೋಡೆಯೂ ಮಿನುಗುತ್ತದೆ. “ಇಷ್ಟು ಬೇಗ ಹೊರಗೆ ಕಳಿಸಿದರಲ್ಲೇ,” ಅಂತ ಅಮ್ಮ ಬಾಗಿಲಲ್ಲೇ ನಿಂತಳು. ಎದುರಿಗಿರುವ ಸಾನ್ ವಿತಾಲೆಯಲ್ಲಿ ಅಂಥ ಗಡುವಿಲ್ಲ. 547ರಲ್ಲಿ ಪ್ರತಿಷ್ಠಾಪನೆಯಾದ ಚರ್ಚು, ಗರ್ಭಗುಡಿಯಂಥ ಭಾಗದ ಎರಡು ಪಕ್ಕ ಮೊಸಾಯಿಕ್‌ನಲ್ಲಿ ಚಕ್ರವರ್ತಿ ಜಸ್ಟಿನಿಯನ್ ಮತ್ತು ರಾಣಿ ಥಿಯೊಡೋರಾ ತಮ್ಮ ತಮ್ಮ ಪರಿವಾರದೊಂದಿಗೆ ಎದುರುಬದುರು ನಿಂತಿದ್ದಾರೆ. ಅಲ್ಲಿ ಬೆಂಚಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ನಾವು ಕೂತೆವು. ಮಧ್ಯಾಹ್ನದ ಮೇಲೆ 1321ರಲ್ಲಿ ಇದೇ ಊರಲ್ಲಿ ತೀರಿಹೋದ ಕವಿ ದಾಂತೆಯ ಸಮಾಧಿ ನೋಡಿ ರೈಲು ಹಿಡಿದೆವು.

ಫೆರಾರಾ ಅರ್ಧ ದಿನದ ಊರು. ನಡುವೆ ನೀರು ತುಂಬಿದ ಕಂದಕದ ಎಸ್ತೆನ್ಸೆ ಕೋಟೆ, ಸುತ್ತ ಒಂಬತ್ತು ಕಿಲೋಮೀಟರ್ ಗೋಡೆ, ಎಲ್ಲೆಲ್ಲೂ ಸೈಕಲ್. ನೆಲ ಸಮತಟ್ಟು, ಅಮ್ಮನಿಗೆ ಎಲ್ಲಕ್ಕಿಂತ ಹಿತವಾದ ದಿನ. ಮೋದೆನಾದಲ್ಲಿ ಕ್ಯಾಥೆಡ್ರಲ್ ಮತ್ತು ಪಕ್ಕದ ಗಿರ್ಲಾಂದಿನಾ ಗೋಪುರ ನೋಡಿ ಸಂತೆಕಟ್ಟೆಯಲ್ಲಿ ಅಡ್ಡಾಡಿದೆವು, ಅಷ್ಟೇ. ಕಾರಿನ ಹುಚ್ಚಿದ್ದವರಿಗೆ ಅಲ್ಲಿ ಫೆರಾರಿ ಮ್ಯೂಸಿಯಂ ಇದೆ.

ನಾವಿದ್ದಾಗ ಒಂದು ದಿನ ರೈಲು ಮುಷ್ಕರ ಬಿತ್ತು. ಇಟಲಿಯಲ್ಲಿ ‘ಶೋಪೆರೊ’ ಮೊದಲೇ ಘೋಷಣೆಯಾಗುತ್ತದೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದಿನಾಂಕಗಳ ಪಟ್ಟಿ ಇರುತ್ತದೆ. ಹೊರಡುವ ಮುಂಚೆಯೇ ಗುರುತು ಹಾಕಿಕೊಂಡಿದ್ದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ಆದರೂ ಆ ದಿನವನ್ನು ಬೊಲೊನ್ಯಾಗೇ ಕೊಟ್ಟೆವು. ಸಾನ್ ಪೆತ್ರೋನಿಯೊ ಚರ್ಚಿನ ಮುಂಗೋಡೆ ಅರ್ಧಕ್ಕೇ ನಿಂತಿದೆ, ಕೆಳಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಒಳಗೆ ನೆಲದ ಮೇಲೆ ಖಗೋಳಜ್ಞ ಕಸ್ಸಿನಿ 1655ರಲ್ಲಿ ಎಳೆಸಿದ ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನರೇಖೆ; ಚಾವಣಿಯ ಪುಟ್ಟ ತೂತಿನಿಂದ ನಡುಹಗಲ ಬಿಸಿಲು ಅದರ ಮೇಲೆ ಬೀಳುತ್ತದೆ. ಅಸಿನೆಲ್ಲಿ ಗೋಪುರದ 498 ಮೆಟ್ಟಿಲು ಹತ್ತುವ ಪ್ರಶ್ನೆಯೇ ಬರಲಿಲ್ಲ. ಪಕ್ಕದ ವಾಲಿದ ಗರಿಸೆಂಡಾ ಗೋಪುರದ ಸ್ಥಿತಿ ಆತಂಕಕಾರಿ ಅಂತ 2023ರ ಅಕ್ಟೋಬರ್‌ನಲ್ಲಿ ಎರಡನ್ನೂ ಮುಚ್ಚಿದ್ದು, ನಾವು ಹೋದಾಗಲೂ ಬೇಲಿ ಇತ್ತು.

ಊಟದ ವಿಚಾರ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಪ್ರದೇಶ ಮಾಂಸದಡುಗೆಗೇ ಹೆಸರಾದದ್ದು. ಅಮ್ಮ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮೀನು ಮುಟ್ಟುವುದಿಲ್ಲ. ತೊರ್ತೆಲ್ಲಿನಿ ಅಂದರೆ ಪುಟ್ಟದು, ಒಳಗೆ ಹಂದಿಮಾಂಸ, ಬಡಿಸುವುದೂ ಮಾಂಸದ ಸಾರಿನಲ್ಲಿ. ತೊರ್ತೆಲ್ಲೋನಿ ಅಂದರೆ ದೊಡ್ಡದು, ಸಾಮಾನ್ಯವಾಗಿ ರಿಕೋತ್ತಾ ಚೀಸ್ ತುಂಬಿ ಬೆಣ್ಣೆ, ಸೇಜ್ ಎಲೆಯಲ್ಲಿ ಹೊರಳಿಸಿ ಕೊಡುತ್ತಾರೆ. ಅಮ್ಮನ ಊಟ ಬಹುಪಾಲು ಅದೇ. ಫೆರಾರಾದಲ್ಲಿ ಸಿಹಿಗುಂಬಳ ತುಂಬಿದ ಕಪ್ಪೆಲ್ಲಾಚ್ಚಿ ಸಿಗುತ್ತದೆ, ತಪ್ಪದೆ ತಿನ್ನಿ, ಆದರೆ ಅದನ್ನು ರಗೂ ಅನ್ನುವ ಮಾಂಸದ ಗೊಜ್ಜು ಹಾಕಿ ಕೊಡುವ ರೂಢಿಯೂ ಇದೆ. ‘ಬುರ್ರೊ ಎ ಸಾಲ್ವಿಯಾ’, ಅಂದರೆ ಬೆಣ್ಣೆ ಮತ್ತು ಸೇಜ್ ಎಲೆಯದ್ದು, ಅಂತ ಕೇಳಿ. ರವೆನ್ನಾ ಕಡೆಯ ಪಿಯಾದಿನಾ ನಮ್ಮ ರೊಟ್ಟಿಯ ಹಾಗೆ ಕಂಡರೂ ಸಾಂಪ್ರದಾಯಿಕವಾಗಿ ಹಿಟ್ಟಿಗೆ ಹಂದಿಕೊಬ್ಬು, ಅಂದರೆ ಸ್ತ್ರುತ್ತೊ, ಹಾಕುತ್ತಾರೆ. ಆಲಿವ್ ಎಣ್ಣೆಯದ್ದೂ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಇಲ್ಲಿನ ತಾಜಾ ಪಾಸ್ತಾಗೆ ಮೊಟ್ಟೆ ಬಿದ್ದೇ ಬೀಳುತ್ತದೆ, ಪಾರ್ಮಿಜಾನೊ ಚೀಸ್ ಮಾಡಲು, ಹಾಲು ಗಟ್ಟಿಯಾಗಲಿ ಅಂತ, ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಇವನ್ನು ತಿನ್ನಬೇಕೋ ಬೇಡವೋ ಅನ್ನುವುದನ್ನು ಮನೆಯಲ್ಲೇ ಕೂತು ಮಾತಾಡಿಕೊಂಡು ಹೊರಡಿ. ಅಮ್ಮನಿಗೆ ಎಲ್ಲ ಹೇಳಿದ್ದೆ. “ಗೊತ್ತಾಗದೆ ತಿನ್ನೋದು ಬೇಡ ಕಣೇ, ಗೊತ್ತಾದ ಮೇಲೆ ನಾನು ನೋಡ್ಕೋತೀನಿ,” ಅಂದಳು. ಸಂಜೆ ಏಳು, ಏಳೂವರೆಗೆ ಮುಂಚೆ ಹೋಟೆಲುಗಳ ಅಡುಗೆಮನೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಅಲ್ಲಿಯವರೆಗೆ ತಡೆಯಲು ಚೀಲದಲ್ಲಿ ಅವಲಕ್ಕಿ ಚೂಡಾ ಇತ್ತು.

ಫ್ಲಾರೆನ್ಸ್ ಹೈಸ್ಪೀಡ್ ರೈಲಿನಲ್ಲಿ ನಲವತ್ತು ನಿಮಿಷದೊಳಗೇ ಸಿಗುತ್ತಿತ್ತು. ಬಿಟ್ಟೆ. ಅದು ಒಂದು ದಿನದ ಊರಲ್ಲ, ಸಾಲಿನಲ್ಲಿ ನಿಂತು ಮೂರು ಗಂಟೆ ಕಳೆದು ಬರುವುದಕ್ಕಿಂತ ಇನ್ನೊಮ್ಮೆ ಅದಕ್ಕೇ ಅಂತ ಹೋಗುವುದು ಮೇಲು. ಹೊರಡುವ ದಿನದ ಬೆಳಗನ್ನು ಸಾನ್ ಲೂಕಾ ಗುಡ್ಡಕ್ಕೆ ಇಟ್ಟುಕೊಂಡಿದ್ದೆವು. ಊರಿನ ಸರಗೋಜ್ಜಾ ಬಾಗಿಲಿನಿಂದ ಗುಡ್ಡದ ಚರ್ಚಿನವರೆಗೆ ಸುಮಾರು 3.8 ಕಿಲೋಮೀಟರ್ ಉದ್ದಕ್ಕೂ 666 ಕಮಾನುಗಳ ಪೋರ್ತಿಕೊ ಇದೆ. ಏರುದಾರಿ ಅಮ್ಮನಿಗೆ ಆಗುವುದಿಲ್ಲ ಅಂತ ಪಿಯಾಜ್ಜಾ ಮಾಜ್ಜೋರೆಯಿಂದ ಹೊರಡುವ ಸಾನ್ ಲೂಕಾ ಎಕ್ಸ್‌ಪ್ರೆಸ್ ಅನ್ನುವ ಪುಟ್ಟ ಪ್ರವಾಸಿ ಬಂಡಿಯಲ್ಲಿ ಮೇಲೆ ಹೋದೆವು, ಅದರಲ್ಲೇ ಇಳಿದೆವು. ಮಂಡಿ ಗಟ್ಟಿ ಇದ್ದವರು ನಡೆದೇ ಹತ್ತಲಿ; ಮೆಲೊಂಚೆಲ್ಲೊ ಕಮಾನು ದಾಟಿದ ಮೇಲೆ ಏರು ಶುರು, ಅಲ್ಲಿಯವರೆಗೆ ಸಮತಟ್ಟು. ಸೂಟ್‌ಕೇಸ್ ಹೋಟೆಲಿನಲ್ಲೇ ಬಿಟ್ಟಿದ್ದರಿಂದ ಮಧ್ಯಾಹ್ನ ಊಟ ಮುಗಿಸಿ, ಎತ್ತಿಕೊಂಡು, ಮೊನೊರೈಲು ಹತ್ತಿದೆವು.