ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಪವರ್ ಸಪ್ಲೈ ಚೀಟಿ ಓದಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಶುರು ಮಾಡಿರುತ್ತೀರಿ. ಐದೇ ನಿಮಿಷಕ್ಕೆ ಕಂಪ್ಯೂಟರ್ ಟಕ್ಕಂತ ಆಫ್. ಮತ್ತೆ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ. ಬೈಗುಳವೆಲ್ಲ ಕಾರ್ಡಿಗೆ ಬೀಳುತ್ತದೆ. ಎಷ್ಟೋ ಸಲ ಸೋತಿರುವುದು ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ.

ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ, ಪವರ್ ಸಪ್ಲೈಗೆ ಅಂಟಿಸಿರುವ ಚೀಟಿ ನೋಡಿ. ದಪ್ಪ ಅಕ್ಷರದ '500 ವ್ಯಾಟ್' ಸದ್ಯಕ್ಕೆ ಬಿಡಿ. 12 ವೋಲ್ಟ್ ಅಂತಿರುವ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಅಲ್ಲಿಂದಲೇ ಕುಡಿಯುವುದು. ಅಲ್ಲಿ 24 ಆಂಪಿಯರ್ ಇದ್ದರೆ, 12ರಿಂದ ಗುಣಿಸಿ: 288 ವ್ಯಾಟ್. ಮಿಕ್ಕಿದ್ದು 5 ಮತ್ತು 3.3 ವೋಲ್ಟ್ ಸಾಲುಗಳ ಲೆಕ್ಕ, ಕಾರ್ಡಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. 12 ವೋಲ್ಟ್ ಎರಡು ಸಾಲಿದ್ದರೆ ಸುಮ್ನೆ ಕೂಡಿಬಿಡಬೇಡಿ. ಎರಡೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಅಂತ ಕೆಳಗೆ ಬೇರೆ ಬರೆದಿರುತ್ತದೆ, ಅದೇ ನಿಜವಾದ ಮಿತಿ.

ಈಗ ಖರ್ಚಿನ ಲೆಕ್ಕ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್. ಪ್ರೊಸೆಸರ್ ಐ5-12400 ಅಂದುಕೊಳ್ಳಿ. ಅದರ ಹೆಸರಿನ ಜೊತೆ 65 ವ್ಯಾಟ್ ಅಂತ ಕಾಣುತ್ತದೆ, ಆದರೆ ಜೋರಾಗಿ ಓಡುವಾಗ 117ರವರೆಗೂ ಹೋಗಬಹುದು. ಫ್ಯಾನು, ಡಿಸ್ಕು, ಮದರ್‌ಬೋರ್ಡು ಎಲ್ಲಕ್ಕೂ ಒಂದು 50 ಇಡಿ. ಸುಮಾರು 300 ಆಯಿತು, ಅಲ್ವಾ? 12 ವೋಲ್ಟ್‌ನಲ್ಲಿ 288 ಮಾತ್ರ ಕೊಡುವ ಮೇಲಿನ '500 ವ್ಯಾಟ್' ಪೆಟ್ಟಿಗೆ ಇಲ್ಲೇ ಕೈಕೊಟ್ಟಿತು. ಕಾರ್ಡು ಕ್ಷಣಮಾತ್ರ ಲೆಕ್ಕಕ್ಕಿಂತ ಜಾಸ್ತಿ ಎಳೆಯುವುದೂ ಉಂಟು, ಹಾಗಾಗಿ ನಾನಂತೂ ಕಾಲು ಭಾಗವಾದರೂ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಈ ಕಾರ್ಡಿಗೆ ಅದರ ಚಿಪ್ ಕಂಪನಿ ಎಎಂಡಿಯೇ ಹೇಳುವುದು 450 ವ್ಯಾಟ್‌ನ ಸಪ್ಲೈ. 12 ವೋಲ್ಟ್ ಸಾಲು ಗಟ್ಟಿಯಾಗಿರುವ 450, ಹೆಸರಿಗಷ್ಟೇ ಇರುವ 600ಕ್ಕಿಂತ ಎಷ್ಟೋ ವಾಸಿ.

ಆಮೇಲೆ ಕನೆಕ್ಟರ್. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ 75 ವ್ಯಾಟ್ ಕೊಡುತ್ತದೆ. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಆದರೆ 150. ಪವರ್ ಸಪ್ಲೈ ಬದಲಿಸುವ ಮನಸ್ಸಿಲ್ಲದವರು ಸ್ಲಾಟಿನಿಂದಲೇ ನಡೆಯುವ ಕಾರ್ಡ್ ಹುಡುಕಲಿ: 53 ವ್ಯಾಟ್‌ನ ಆರ್‌ಎಕ್ಸ್ 6400, 75ರ ಜಿಟಿಎಕ್ಸ್ 1650. ಆದರೆ 1650ರಲ್ಲೇ 6 ಪಿನ್ ಕೇಳುವ ಮಾದರಿಗಳೂ ಇವೆ, ಫೋಟೊದಲ್ಲಿ ಕಾರ್ಡಿನ ಅಂಚು ನೋಡಿಕೊಳ್ಳಿ.

ಕೇಬಲ್ ಇಲ್ಲ ಅಂತ ಸಾಟಾದಿಂದ (ಡಿಸ್ಕಿಗೆ ಕರೆಂಟು ಕೊಡುವ ಕನೆಕ್ಟರ್) 8 ಪಿನ್‌ಗೆ ಹೋಗುವ ಅಡಾಪ್ಟರ್ ಹಾಕಬೇಡಿ. ಸಾಟಾ ಕನೆಕ್ಟರ್ ತಾಳುವುದು 12 ವೋಲ್ಟ್‌ನಲ್ಲಿ 54 ವ್ಯಾಟ್ ಮಾತ್ರ. ನಾನೊಮ್ಮೆ ಹಾಕಿದ್ದೆ. ಮೊದಲು ಬಂದಿದ್ದು ಪ್ಲಾಸ್ಟಿಕ್ ಸುಟ್ಟ ವಾಸನೆ, ಬಿಚ್ಚಿ ನೋಡಿದರೆ ಕನೆಕ್ಟರಿನ ಒಂದು ಮೂಲೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು.

ಪ್ರೊಸೆಸರಿನ 8 ಪಿನ್ ಕೂಡ ಕಾರ್ಡಿನದರಂತೆಯೇ ಕಾಣುತ್ತದೆ, ಆದರೆ ಪ್ಲಸ್ಸು ಮೈನಸ್ಸು ತಿರುವುಮುರುವು. ಸಲೀಸಾಗಿ ಕೂರದಿದ್ದರೆ ಒತ್ತಬೇಡಿ. ಬಿಚ್ಚಿ ಹಾಕುವ ಕೇಬಲ್‌ಗಳ ಸಪ್ಲೈ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಸಿಕ್ಕಿಸಲೂ ಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ವೈರುಗಳ ಜಾಗ ಬೇರೆ ಇರಬಹುದು.