ಕಣ್ಣಿನ ಪಾಪೆಗೂ 2ನೇ ನಂಬರಿನ ಕುಂಚವೇ ಸಾಕು: ನನ್ನ ಅನುಭವ

28 ಮಿಲಿಮೀಟರ್ ಎತ್ತರದ ಪುಟ್ಟ ಗೊಂಬೆಯ ಕಣ್ಣಿನ ಪಾಪೆಯನ್ನು 2ನೇ ನಂಬರಿನ ಕುಂಚದಲ್ಲೇ ಇಡಬಹುದು ಎಂದು ನಾನು ಹೇಳಿದಾಗ, ಜೊತೆಯಲ್ಲಿ ಬಣ್ಣ ಹಚ್ಚುವವರು ಯಾರೂ ಒಪ್ಪಲಿಲ್ಲ. ಕಣ್ಣಿಗೆ ಮೂರು ಸೊನ್ನೆಯ (000) ಅತಿ ಸಣ್ಣ ಕುಂಚವೇ ಬೇಕು, ಹೊಸಬರ ಕೈಗೆ ಕೊಲಿನ್‌ಸ್ಕಿ ಎಂಬ ದುಬಾರಿ ಪ್ರಾಣಿರೋಮದ ಕುಂಚ ಕೊಡುವುದು ನೀರಿನಲ್ಲಿ ಹೋಮ ಮಾಡಿದಂತೆ, ಅಗ್ಗದ ಸಿಂಥೆಟಿಕ್ ಕುಂಚಗಳನ್ನು ಸವೆಸುತ್ತಲೇ ಕೈ ಪಳಗಬೇಕು ಎಂಬುದು ಅವರ ವಾದವಾಗಿತ್ತು. ಈಗ ಎರಡು ವರ್ಷಕ್ಕೂ ಮೀರಿ ಒಂದೇ ಕೊಲಿನ್‌ಸ್ಕಿ ಕುಂಚದಲ್ಲಿ ಕೆಲಸ ಮಾಡುತ್ತಿದ್ದೇನೆ, ನೂರೈವತ್ತರ ಆಸುಪಾಸಿನಷ್ಟು ಗೊಂಬೆಗಳು ಅದರಿಂದಲೇ ಮುಗಿದಿವೆ, ಮತ್ತು ಒದ್ದೆ ಮಾಡಿ ಒಮ್ಮೆ ಕೊಡವಿದರೆ ಅದರ ರೋಮಗಳು ಇಂದಿಗೂ ಒಂದೇ ಮೊನೆಯಾಗಿ ಕೂಡುತ್ತವೆ. ಅಂದು ಅನುಮಾನಿಸಿದವರಲ್ಲಿ ಕೆಲವರು ನನ್ನ ಗೊಂಬೆಗಳ ಕಣ್ಣು ನೋಡಿ, ಯಾವ ಕಂಪನಿಯ ಮೂರು ಸೊನ್ನೆ ಎಂದು ಕೇಳಿದ್ದಾರೆ. ಆದ್ದರಿಂದ ಈ ಕ್ರಮವನ್ನು ಬರೆದಿಡುವುದು ಸೂಕ್ತವೆನಿಸಿತು.

ಮೊದಲು ದುಡ್ಡಿನ ಮಾತು. ಒಂದು ಒಳ್ಳೆಯ ಕೊಲಿನ್‌ಸ್ಕಿಯ ಬೆಲೆಗೆ ಸಾಧಾರಣ ಸಿಂಥೆಟಿಕ್ ಕುಂಚಗಳು ಆರೋ ಏಳೋ ಬರುತ್ತವೆ. ನನ್ನ ಕೈಯಲ್ಲಿ ಒಂದು ಸಿಂಥೆಟಿಕ್ ಕುಂಚದ ಚೂಪು ಹೆಚ್ಚೆಂದರೆ ತಿಂಗಳು, ಒಂದೂವರೆ ತಿಂಗಳು ಉಳಿಯುತ್ತಿತ್ತು. ಆ ಮೇಲೆ ತುದಿಯ ಎಳೆಗಳು ಒಂದು ಕಡೆಗೆ ಕೊಕ್ಕೆಯಾಗಿ ಬಾಗುತ್ತಿದ್ದವು. ಹಾಗಾಗಿ ವರ್ಷಕ್ಕೆ ಒಂದೂವರೆ ಕೊಲಿನ್‌ಸ್ಕಿಯಷ್ಟು ಹಣ ಸಿಂಥೆಟಿಕ್‌ಗಳಿಗೇ ಹೋಗುತ್ತಿತ್ತು, ಎನ್ನುವಾಗ ಅಗ್ಗ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಬಾಗಿದ ನೈಲಾನ್ ತುದಿಯನ್ನು ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ಬೆರಳಿನಿಂದ ನೇರ ಮಾಡಿ ಒಣಗಿಸಿದರೆ ಅದು ತಕ್ಕಮಟ್ಟಿಗೆ ಸರಿಯಾಗುತ್ತದೆ. ಆದರೆ ಒಂದೆರಡು ದಿನದ ಕೆಲಸಕ್ಕೆ ಮತ್ತೆ ಬಾಗುತ್ತದೆ. ಈ ಉಪಾಯವನ್ನು ಕೊಲಿನ್‌ಸ್ಕಿಗೆ ಎಂದೂ ಮಾಡಬಾರದು. ಬಿಸಿನೀರು ರೋಮಗಳನ್ನು ಹಿಡಿಗೆ ಸೇರಿಸುವ ಲೋಹದ ಬಳೆಯೊಳಗಿನ ಅಂಟನ್ನು ಸಡಿಲಿಸುತ್ತದೆ, ಹಿಡಿಯ ಮರವನ್ನು ಉಬ್ಬಿಸುತ್ತದೆ.

ಮೂರು ಸೊನ್ನೆಯ ಕುಂಚಕ್ಕೂ ನಾನು ಸಾಕಷ್ಟು ಖರ್ಚು ಮಾಡಿದ್ದೇನೆ. ಅದರ ತೊಡಕು ತುದಿಯಲ್ಲಿಲ್ಲ, ಹೊಟ್ಟೆಯಲ್ಲಿದೆ, ಅಂದರೆ ಬಣ್ಣ ಹಿಡಿದಿಡುವ ರೋಮಗಳ ಉಬ್ಬಿದ ಭಾಗದಲ್ಲಿದೆ. ಅದು ಹಿಡಿಯುವ ಬಣ್ಣ ಎಷ್ಟು ಅಲ್ಪವೆಂದರೆ, ಪ್ಯಾಲೆಟ್‌ನಿಂದ ಗೊಂಬೆಯ ಮುಖದವರೆಗೆ ಕೈ ತರುವಷ್ಟರಲ್ಲಿ ಅಕ್ರಿಲಿಕ್ ತುದಿಯಲ್ಲೇ ಒಣಗಲು ಶುರುವಾಗಿ, ಗೆರೆ ಎಳೆದರೆ ಏನೂ ಬೀಳುವುದಿಲ್ಲ. ಒತ್ತಿದರೆ ಉಂಡೆಯೊಂದು ಬಿದ್ದು ಕಣ್ಣು ಕೆಡುತ್ತದೆ. ಗೆರೆಯ ಸಪೂರ ನಿಂತಿರುವುದು ತುದಿಯ ಕೊನೆಯ ಕೆಲವು ರೋಮಗಳ ಮೇಲೆ. ನಂಬರು ಹೇಳುವುದು ಹೊಟ್ಟೆಯ ಗಾತ್ರವನ್ನು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಕುಂಚ ತಯಾರಿಸಿದಾಗ, ಆಕೆಗೆ ಇಷ್ಟವಾದ ಅಳತೆ 7 ಆಗಿದ್ದರಿಂದಲೇ ಆ ಸಾಲಿಗೆ ಸೀರೀಸ್ 7 ಎಂಬ ಹೆಸರು ಬಂತು. ಜಲವರ್ಣದವರು ಅಷ್ಟು ದೊಡ್ಡ ಕುಂಚವನ್ನು ಮೆಚ್ಚಿದ್ದು ಅದರ ತುದಿಯನ್ನು ನಂಬಿಯೇ. ಅದೇ ಸಾಲಿನಲ್ಲಿ ಮಿನಿಯೇಚರ್ ಎಂಬ ಹೆಸರಿನ ಗಿಡ್ಡ ರೋಮದ ಕುಂಚಗಳೂ ಸಿಗುತ್ತವೆ. ಹೆಸರು ನೋಡಿ ಮರುಳಾಗಬೇಡಿ, ನಮ್ಮ ಕೆಲಸಕ್ಕೆ ಉದ್ದ ರೋಮದ ಮಾಮೂಲಿ ಕುಂಚವೇ ವಾಸಿ.

ನನ್ನ ಮೊದಲ ಕೊಲಿನ್‌ಸ್ಕಿಯ ಮೊನೆ ಮೂರು ನಾಲ್ಕು ತಿಂಗಳಲ್ಲೇ ಇಬ್ಭಾಗವಾಗಿತ್ತು. ಪ್ರತಿದಿನ ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯುವುದರಲ್ಲಿ ಕೊರತೆ ಇರಲಿಲ್ಲವಾದ್ದರಿಂದ ಕಾರಣ ತಿಳಿಯದೆ, ಆ ಕುಂಚದ ಲೋಹದ ಬಳೆಯನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಸ್ವಚ್ಛವಾಗಿ ಹೊಳೆಯುತ್ತಿದ್ದ ರೋಮಗಳ ಬುಡದಲ್ಲಿ, ಬಳೆಯ ಬಾಯಿಂದ ಎರಡು ಮಿಲಿಮೀಟರ್ ಒಳಗೆ, ಬೂದುಬಣ್ಣದ ಗಟ್ಟಿ ಪದರವೊಂದು ಬೆಣೆಯಂತೆ ಕುಳಿತಿತ್ತು. ಉಗುರಿನಿಂದ ಕೆರೆದಾಗ ಅದರೊಳಗೆ ಕೆಂಪು, ಕಂದು, ಕಪ್ಪು ಎಂಬ ಸಣ್ಣ ಸಣ್ಣ ಪದರಗಳು ಬೇರೆಬೇರೆಯಾಗಿ ಕಂಡವು. ಅಕ್ರಿಲಿಕ್‌ನ ನೀರು ಆರಿದೊಡನೆ ಅದರ ಪಾಲಿಮರ್ ಕಣಗಳು ಕೂಡಿಕೊಂಡು ಪೊರೆಯಾಗುತ್ತವೆ, ಮತ್ತೆ ನೀರಿಗೆ ಕರಗುವುದಿಲ್ಲ. ಅಂದರೆ ರಾತ್ರಿ ಸೋಪು ಹಾಕುವ ಹೊತ್ತಿಗೆ ಹಾನಿ ಎಂದೋ ನಡೆದುಹೋಗಿರುತ್ತದೆ. ಕುಂಚ ಉಳಿಯುವುದು ಕೆಲಸದ ನಡುವಿನ ನೀರಿನಿಂದ.

ಅಲ್ಲಿಂದ ನಾನು ಹಿಡಿದ ಕ್ರಮ ಸರಳವಾದದ್ದು, ಆದರೆ ಬಿಡದೆ ಪಾಲಿಸಬೇಕಾದದ್ದು. ಬಣ್ಣ ರೋಮದ ಮೂರನೇ ಒಂದು ಭಾಗಕ್ಕಿಂತ ಮೇಲೇರಬಾರದು. ಎರಡು ಮೂರು ನಿಮಿಷಕ್ಕೊಮ್ಮೆ, ಅದೇ ಬಣ್ಣ ಮುಂದುವರಿಸುವುದಿದ್ದರೂ, ಕುಂಚವನ್ನು ನೀರಿನಲ್ಲಿ ತಳ ಮುಟ್ಟಿಸದೆ ಅಲುಗಾಡಿಸಿ, ಕಾಗದದ ಮೇಲೆ ಅಡ್ಡಲಾಗಿ ಒರಗಿಸಿ ಉರುಳಿಸುತ್ತಾ ತನ್ನೆಡೆಗೆ ಎಳೆದು ಮೊನೆ ಕೂಡಿಸಿಯೇ ಮತ್ತೆ ಬಣ್ಣ ತೆಗೆದುಕೊಳ್ಳಬೇಕು. ಮೊದಲ ವಾರ ಇದು ಕಿರಿಕಿರಿಯೆನಿಸುತ್ತದೆ, ಆಮೇಲೆ ಕೈ ತಾನಾಗಿ ನೀರಿನತ್ತ ಹೋಗುತ್ತದೆ. ಬಣ್ಣ ಬೆರೆಸಲು, ಬಾಟಲಿಯಿಂದ ತೆಗೆಯಲು, ಡ್ರೈಬ್ರಶ್ ಮಾಡಲು (ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳ ಮೇಲೆ ಬಣ್ಣ ಸವರಲು) ಹಳೆಯ ಸಿಂಥೆಟಿಕ್‌ಗಳಿವೆ. ಮೆಟಾಲಿಕ್ ಬಣ್ಣಕ್ಕೆ ಕುಂಚವೂ ನೀರಿನ ಲೋಟವೂ ಪ್ರತ್ಯೇಕ, ಇಲ್ಲವಾದರೆ ಮಿನುಗುವ ಕಣಗಳು ಮುಂದಿನ ಮುಖದ ಬಣ್ಣದಲ್ಲಿ ತೇಲುತ್ತವೆ.

ರಾತ್ರಿಯ ತೊಳೆತಕ್ಕೆ ಪಾತ್ರೆ ತೊಳೆಯುವ ಸೋಪು, ಶಾಂಪೂ, ಮಾಮೂಲಿ ಬಿಲ್ಲೆ ಸೋಪು, ಮಾಸ್ಟರ್ಸ್ ಬ್ರಷ್ ಕ್ಲೀನರ್ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಪಾತ್ರೆಯ ಸೋಪಿನಿಂದ ರೋಮ ಒರಟಾಯಿತು. ಶಾಂಪೂ ಪರವಾಗಿಲ್ಲ. ಮಾಸ್ಟರ್ಸ್ ಡಬ್ಬಿ ದುಬಾರಿಯೆನಿಸಿದರೂ ಚಿಕ್ಕದೊಂದು ವರ್ಷಗಟ್ಟಲೆ ಬರುವುದರಿಂದ ದಿನದ ಲೆಕ್ಕದಲ್ಲಿ ಬಹುತೇಕ ಪುಕ್ಕಟೆ. ನೊರೆ ಬಿಳಿಯಾಗಿಯೇ ಬರುವವರೆಗೆ ಅಂಗೈಯಲ್ಲಿ ಮೆಲ್ಲಗೆ ತಿರುವಿ, ತುಸು ಸೋಪನ್ನು ರೋಮದಲ್ಲೇ ಬಿಟ್ಟು ಮೊನೆ ಮಾಡಿ, ಮಲಗಿಸಿಯೇ ಒಣಗಿಸಬೇಕು. ಒದ್ದೆ ಕುಂಚವನ್ನು ತಲೆ ಮೇಲಾಗಿ ನಿಲ್ಲಿಸಿದರೆ ನೀರು ಬಳೆಯೊಳಕ್ಕೆ ಇಳಿಯುತ್ತದೆ. ಹೊಸ ಕುಂಚಕ್ಕೆ ತಯಾರಕರು ಗೋಂದಿನ ನೀರಿನಿಂದ ಮೊನೆ ಕೂಡಿಸಿರುವಂತೆಯೇ ನಾನೂ ತಿಂಗಳಿಗೊಮ್ಮೆ ಗೋಂದು ಹಚ್ಚುತ್ತೇನೆ. ಅದರ ಜೊತೆ ಬೆರೆಸುವ ಇನ್ನೊಂದು ವಸ್ತು ಮತ್ತು ಪ್ರಮಾಣ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಪಕ್ಕದಲ್ಲಿ ನಡೆಸಿದ ಪ್ರಯೋಗಗಳನ್ನೂ ಹೇಳಬೇಕು. ಬಣ್ಣ ಬೇಗ ಆರದಿರಲೆಂದು ತೆಳುಗೊಳಿಸುವ ನೀರಿಗೆ ಗ್ಲಿಸರಿನ್ ಹಾಕಿದೆ. ಬಣ್ಣವೇನೋ ತಡವಾಗಿ ಆರಿತು, ಆದರೆ ಪದರ ಮರುದಿನವೂ ಅಂಟಂಟಾಗಿ, ಮೇಲಿನ ಕೋಟ್ ಹಾಕಿದಾಗ ಎದ್ದುಬಂತು. ಅದನ್ನು ಬಿಟ್ಟು, ಒದ್ದೆ ಸ್ಪಂಜಿನ ಮೇಲೆ ಕಾಗದ ಹಾಸಿ ಬಣ್ಣ ಆರದಂತೆ ಇಡುವ ವೆಟ್ ಪ್ಯಾಲೆಟ್‌ಗೆ ಮರಳಿದೆ. ವೆಟ್ ಪ್ಯಾಲೆಟ್‌ನ ಸ್ಪಂಜು ವಾಸನೆ ಹಿಡಿಯದಿರಲು ತಾಮ್ರದ ತುಂಡೊಂದನ್ನು ಇಟ್ಟೆ, ವಾಸನೆ ತಡವಾಯಿತೇ ಹೊರತು ನಿಲ್ಲಲಿಲ್ಲ. ವಾರಕ್ಕೊಮ್ಮೆ ಸ್ಪಂಜು ತೊಳೆಯುವುದೇ ಮೇಲು. ಕೊಲಿನ್‌ಸ್ಕಿ ಸೈಬೀರಿಯಾದ ವೀಸಲ್ ಎಂಬ ಪ್ರಾಣಿಯ ಬಾಲದ ರೋಮವಾದ್ದರಿಂದ ಉಣ್ಣೆಬಟ್ಟೆ ತಿನ್ನುವ ನುಸಿಹುಳುಗಳು ಇದನ್ನೂ ಬಿಡುವುದಿಲ್ಲ. ಹೆಚ್ಚುವರಿಯಾಗಿ ಕೊಂಡಿಟ್ಟ ಕುಂಚವೊಂದು ಹೀಗೆ ಬಳಸುವ ಮೊದಲೇ ಹಾಳಾಯಿತು. ಈಗ ಉಳಿದವನ್ನು ಪೂರ್ತಿ ಒಣಗಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಇನ್ನು ಬಣ್ಣದ ಕೆಲಸ. ಸಮಪಾಲು ನೀರು ಎಂಬುದು ಆರಂಭಕ್ಕೆ ಸರಿ, ಆದರೆ ಪ್ರತಿ ಬಾಟಲಿಯ ಗುಣ ಬೇರೆ. ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು, ಅದು ಅಂಚಿಗೆ ಹರಡದೆ, ನಡುವೆ ತುಂಡಾಗದೆ ಕೂತರೆ ಮಾತ್ರ ಗೊಂಬೆಗೆ ಒಯ್ಯುತ್ತೇನೆ. ಗ್ಲೇಜ್‌ಗೆ, ಅಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳುವಾದ ಪದರಕ್ಕೆ, ಐದಾರು ಪಾಲು ನೀರು ಸೇರಿಸಿದ ಮೇಲೂ ಕುಂಚವನ್ನು ಕಾಗದಕ್ಕೆ ಒಮ್ಮೆ ತಾಗಿಸಿ ಹೆಚ್ಚಿನದನ್ನು ಹೀರಿಸದಿದ್ದರೆ ಅದು ಹಳ್ಳಗಳಿಗೆ ಇಳಿದು ಕಲೆಯಾಗುತ್ತದೆ. ಕುಂಚ ಎತ್ತುವ ಜಾಗದಲ್ಲಿ ಬಣ್ಣ ಹೆಚ್ಚು ಉಳಿಯುವುದರಿಂದ, ನೆರಳಿನ ಗ್ಲೇಜನ್ನು ನೆರಳಿನ ಕಡೆಗೆ, ಬೆಳಕಿನದನ್ನು ಬೆಳಕಿನ ಕಡೆಗೆ ಎಳೆದು ಮುಗಿಸಬೇಕು; ಈ ಒಂದು ಅಭ್ಯಾಸದಿಂದ ನನ್ನ ಬ್ಲೆಂಡಿಂಗ್ (ಒಂದು ಬಣ್ಣ ಇನ್ನೊಂದಕ್ಕೆ ನಯವಾಗಿ ಸೇರುವಂತೆ ಮಾಡುವುದು) ಸುಧಾರಿಸಿದಷ್ಟು ಬೇರೆ ಯಾವುದರಿಂದಲೂ ಸುಧಾರಿಸಲಿಲ್ಲ.

ಕಣ್ಣನ್ನು ಮುಖದ ಚರ್ಮಕ್ಕಿಂತ ಮೊದಲೇ ಮುಗಿಸುತ್ತೇನೆ. ಕಣ್ಣಿನ ಗುಳಿಯೊಳಗೆ ಗಾಢ ಕಂದು, ಅದರ ಮೇಲೆ ಅಚ್ಚ ಬಿಳಿಯ ಬದಲು ತುಸು ಬೂದು ಬೆರೆತ ಬಿಳಿ, ಆಮೇಲೆ ಪಾಪೆ. ಪಾಪೆಯನ್ನು ಚುಕ್ಕೆಯಾಗಿ ಇಡಲು ಹೋಗಬಾರದು. ಹುಬ್ಬಿನಿಂದ ಕೆನ್ನೆಯವರೆಗೆ ಕಣ್ಣನ್ನು ಹಾಯ್ದು ಒಂದೇ ನೇರ ಗೆರೆ ಎಳೆದು, ಮೇಲೆ ಕೆಳಗೆ ಹೆಚ್ಚಾದದ್ದನ್ನು ಚರ್ಮದ ಬಣ್ಣದಿಂದ ಮುಚ್ಚಿದರೆ ನಡುವೆ ಉಳಿಯುವುದೇ ಪಾಪೆ. ಎರಡೂ ಕಣ್ಣಿನ ಗೆರೆಗಳನ್ನು ಒಂದೇ ಅದ್ದಿಗೆಯ ಬಣ್ಣದಲ್ಲಿ ಎಳೆದರೆ ದಪ್ಪ ಸಮನಾಗಿರುತ್ತದೆ, ಮತ್ತು ಇದಕ್ಕೆ ಬೇಕಾದಷ್ಟು ಬಣ್ಣ ಹಿಡಿಯುವ ಹೊಟ್ಟೆ 2ನೇ ನಂಬರಿಗಿದೆ. ಗೊಂಬೆ ಹಿಡಿದ ಕೈ, ಕುಂಚ ಹಿಡಿದ ಕೈ ಎರಡರ ಮಣಿಕಟ್ಟುಗಳೂ ಒಂದಕ್ಕೊಂದು ತಾಗಿರಬೇಕು. ಗೆರೆ ಎಳೆಯುವಾಗ ಗೊಂಬೆಯನ್ನು ನಾನು ಹಿಡಿಯುವ ಓರೆ ಬೇರೆ ಇದೆ. ಅದನ್ನು ಬರೆದು ತಿಳಿಸುವುದಕ್ಕಿಂತ ಎದುರು ಕೂತವರಿಗೆ ತೋರಿಸುವುದು ಸುಲಭ.