ಹಳೆಯ ವೆಬ್ಲಿ ರಿವಾಲ್ವರ್ ಕೊಂಡ ಮೇಲಿನ ಮಂಡೆಬಿಸಿ: ನನ್ನ ಅನುಭವ

ಹಳೆಯ ರಿವಾಲ್ವರ್ ತಗೊಂಡವರಿಗೆ ಸಂಶಯ ಶುರುವಾಗುವುದು ದುಡ್ಡು ಕೊಟ್ಟ ಮೇಲೆ. ಅಲ್ಲಿಯವರೆಗೆ ಆಸೆಯೇ ಜಾಸ್ತಿ. ಲೈಸೆನ್ಸಿನಲ್ಲಿ ಎಂಟ್ರಿ ಆಗಿ, ಮನೆಗೆ ತಂದು, ಕಪಾಟಿಗೆ ಬೀಗ ಹಾಕಿದ ಮೇಲೆ ಒಂದೊಂದೇ ಪ್ರಶ್ನೆ ಏಳುತ್ತದೆ. ರೇಟು ಜಾಸ್ತಿ ಆಯ್ತಾ? ಇದು ಅಸಲಿ ಹೌದಾ? ಮೇಲಿಂದ ಪಾಲಿಶ್ ಹೊಡೆಸಿ ಕೊಟ್ಟಿದ್ದಾರಾ? ಗುಂಡು ಹಾರಿಸಿದರೆ ಕೈಗೆ ಏನಾದರೂ ಆದೀತಾ? ಇದೆಲ್ಲ ನನಗೂ ಆಗಿದೆ. ಇಂಥ ಸಂಶಯವನ್ನು ಸುಮ್ನೆ ನುಂಗಿಕೊಂಡು ಕೂರಬಾರದು. ಒಂದೊಂದಕ್ಕೂ ನೋಡುವ ಕ್ರಮ ಉಂಟು. ನಾನು ಹೇಗೆ ನೋಡಿದೆ ಅಂತ ಬರೆಯುತ್ತೇನೆ.

ನನ್ನದು ಗೇರುಬೀಜ, ಅಡಿಕೆ ವ್ಯಾಪಾರ. ಮನೆ ಉಡುಪಿಯಲ್ಲಿ, ಮಲ್ಪೆ ಕಡೆ. ಆತ್ಮರಕ್ಷಣೆಯ ಲೈಸೆನ್ಸ್ ಇದೆ. ಮಂಗಳೂರಿನ ಕದ್ರಿ ಕಡೆಯ ಹಿರಿಯರೊಬ್ಬರು ತಮಗೆ ವಯಸ್ಸಾಯಿತು, ಇನ್ನು ಮನೆಯಲ್ಲಿ ಇದು ಬೇಡ ಅಂತ ಮಾರಲು ಹೊರಟಿದ್ದರು. ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯ ಮಾರ್ಕ್ 4, .32 ಬೋರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು.

ಮೊದಲು ಕಾಗದದ ವಿಷಯ. 1959ರ ಆಯುಧ ಕಾಯ್ದೆಯ ಪ್ರಕಾರ, ಲೈಸೆನ್ಸ್ ಇರುವವರು ತಮ್ಮ ಸ್ವಂತದ ಕೋವಿಯನ್ನು ಇನ್ನೊಬ್ಬರಿಗೆ ಮಾರುವ ಮೊದಲು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ ಕಡಿಮೆಯೆಂದರೆ 45 ದಿನ ಕಾಯಬೇಕು. ಹಿರಿಯರು ಅದನ್ನು ಚಾಚೂ ತಪ್ಪದೆ ಮಾಡಿದ್ದರು. ಆದರೂ ಮನೆಗೆ ತಂದ ಮೇಲೆ ನಾನು ಮಾಡಿದ ಮೊದಲ ಕೆಲಸ ನಂಬರ್ ತಾಳೆ ನೋಡಿದ್ದು. ಭೂತಗನ್ನಡಿ ಹಿಡಿದು ಫ್ರೇಮಿನ ಮೇಲಿನ ನಂಬರನ್ನು ಲೈಸೆನ್ಸ್ ಪುಸ್ತಕದ ಎಂಟ್ರಿ ಜೊತೆ ಒಂದೊಂದೇ ಅಂಕೆಯಾಗಿ ಓದಿದೆ. ಹಳೆಯ ಅಚ್ಚಿನಲ್ಲಿ 3 ಮತ್ತು 8 ಒಂದೇ ತರ ಕಾಣುತ್ತವೆ. ಅಂಕೆಯ ಜೊತೆ ಇಂಗ್ಲಿಷ್ ಅಕ್ಷರ ಇದ್ದರೆ ಅದೂ ಎಂಟ್ರಿಯಲ್ಲಿ ಇರಬೇಕು. ಚುನಾವಣೆ ಬಂದಾಗ ಕೋವಿ ಠೇವಣಿ ಇಡಲು ಹೇಳುತ್ತಾರಲ್ಲ, ಆಗ ಕೌಂಟರಿನಲ್ಲಿ ನಂಬರ್ ಹೊಂದದಿದ್ದರೆ ಉತ್ತರ ಹೇಳುವವರು ನಾವೇ.

ಗೆಳೆಯರೊಬ್ಬರು ಕೇಳಿದರು, "ಇಷ್ಟು ಹಳೆಯದಕ್ಕೆ ಲೈಸೆನ್ಸ್ ಯಾಕೆ ಮಾರಾಯ್ರೆ, ಆ್ಯಂಟಿಕ್ ಅಲ್ವಾ?" ಇದು ಅಪಾಯದ ತಿಳುವಳಿಕೆ. ಹಳೆಯ ಮಾದರಿಯದ್ದು ಅನ್ನುವುದಷ್ಟೇ ಸಾಲದು. ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಿಕ್ಕೆ ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯ್ದೆಯಿಂದ ಹೊರಗೆ. ನನ್ನದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ಪೂರ್ತಿ ಕಾಯ್ದೆಯ ಒಳಗೆ. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸಿನವರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗೂ ಇಲ್ಲ. ಮನೆಯಲ್ಲಿ ಅಪ್ಪನ ಕಾಲದ ತೋಟದ ಕೋವಿ ಇರುವವರು ಇದನ್ನು ಲೆಕ್ಕ ಹಾಕಿಯೇ ಕೊಳ್ಳಬೇಕು.

ರೇಟಿನ ಸಂಶಯ ಬೇಗ ಮುಗಿಯಿತು. 1980ರ ದಶಕದಲ್ಲಿ ಹೊರಗಿನಿಂದ ಕೋವಿ ತರಿಸುವುದು ಸಾಮಾನ್ಯರಿಗೆ ಬಂದ್ ಆಯಿತು. ಹಾಗಾಗಿ ಅದಕ್ಕೆ ಮೊದಲು ಬಂದ ಮಾಲು ಕೈಯಿಂದ ಕೈಗೆ ಹೋಗುತ್ತದೆಯೇ ಹೊರತು ಹೊಸದಾಗಿ ಬರುವುದಿಲ್ಲ. ಹೋಲಿಸಿ ನೋಡಲು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಉಂಟು. ಕಾನ್ಪುರದಿಂದಲೇ 2014ರಲ್ಲಿ ಬಂದ ಹಗುರದ 'ನಿರ್ಭೀಕ್' ಆಗಲೇ 1.22 ಲಕ್ಷ ರೂಪಾಯಿ ಇತ್ತು. ಕಾನ್ಪುರದ ರಿವಾಲ್ವರುಗಳ ಮೂಲ ವಿನ್ಯಾಸವೂ ವೆಬ್ಲಿಯದ್ದೇ. ಅದು ಗೊತ್ತಾದ ಮೇಲೆ ಕೊಟ್ಟ ಹಣದ ಬಗ್ಗೆ ನಾನು ಮತ್ತೆ ಯೋಚಿಸಲಿಲ್ಲ.

ನಿಜವಾದ ಮಂಡೆಬಿಸಿ ಇದ್ದದ್ದು ಹಾರಿಸುವ ವಿಷಯದಲ್ಲಿ. ಅದನ್ನು ನೋಡುವುದಕ್ಕೆ ಮೊದಲು ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕೂತೆ.

ವೆಬ್ಲಿ ನಡು ಮುರಿದು ತೆರೆಯುವ ಜಾತಿಯದ್ದು. ಎಡಬದಿಯ ಲಿವರನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಕೆಳಕ್ಕೆ ಬಾಗುತ್ತದೆ, ತೋಟೆ ತುಂಬುವ, ತಿರುಗುವ ಸಿಲಿಂಡರಿನ ನಡುವಿನಿಂದ ನಕ್ಷತ್ರದ ಹಾಗಿರುವ ಎಕ್ಸ್‌ಟ್ರಾಕ್ಟರ್ ಮೇಲೆದ್ದು ಖಾಲಿ ತೋಟೆಗಳನ್ನು ಹೊರಗೆ ತಳ್ಳುತ್ತದೆ. ಪೂರ್ತಿ ಬಾಗಿಸಿದಾಗ ಅದು ಟಪ್ ಅಂತ ವಾಪಸು ಕೂರಬೇಕು. ಈ ಜಾತಿಯಲ್ಲಿ ಪೂರ್ತಿ ಬಲ ನಿಂತಿರುವುದು ನಳಿಗೆಯನ್ನು ಮುಚ್ಚಿ ಹಿಡಿಯುವ ಮೇಲಿನ ಲಾಚ್‌ನಲ್ಲಿ, ಅಂದರೆ ಕೊಂಡಿಯಲ್ಲಿ. ಅದು ಸವೆದರೆ ಗುಂಡು ಹಾರುವಾಗ ನಳಿಗೆ ಅಲುಗಾಡುತ್ತದೆ. ನಾನು ಮುಚ್ಚಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ನಳಿಗೆ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಒತ್ತಿದೆ. ಮೇಲೆ ಕೆಳಗೆ ಚೂರೂ ಇಲ್ಲ. ಪಕ್ಕಕ್ಕೆ ಕೂದಲೆಳೆಯಷ್ಟು ಇತ್ತು.

ಆಮೇಲೆ ತೋಟೆಗೆ ಹೊಡೆಯುವ ಹ್ಯಾಮರನ್ನು ನಿಧಾನಕ್ಕೆ ಹಿಂದೆ ಎಳೆದು ಸಿಲಿಂಡರ್ ತಿರುಗುವುದನ್ನು ನೋಡಿದೆ. ಹ್ಯಾಮರ್ ನಿಲ್ಲುವ ಹೊತ್ತಿಗೆ ಚೇಂಬರ್, ಅಂದರೆ ತೋಟೆ ಕೂರುವ ತೂತು, ನಳಿಗೆಯ ನೇರಕ್ಕೆ ಬಂದು ಲಾಕ್ ಆಗಿರಬೇಕು. ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು ಇಳಿಸಿ, ಟ್ರಿಗರನ್ನು ಒತ್ತಿಯೇ ಇಟ್ಟುಕೊಂಡು ಸಿಲಿಂಡರನ್ನು ಬೆರಳಿನಿಂದ ತಿರುಗಿಸಲು ನೋಡಿದೆ. ಆರು ಚೇಂಬರಿಗೂ ಹೀಗೇ ಮಾಡಬೇಕು, ಒಂದನ್ನು ನೋಡಿ ಬಿಡಬಾರದು. ಐದು ಗಟ್ಟಿ ನಿಂತವು. ಒಂದರಲ್ಲಿ ಲಾಕ್ ಸ್ವಲ್ಪ ತಡವಾಗಿ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ಆ ರಾತ್ರಿ ಸರಿ ನಿದ್ದೆ ಬರಲಿಲ್ಲ. ಚೇಂಬರ್ ನೇರಕ್ಕೆ ಬಾರದಿದ್ದರೆ ಗುಂಡಿನ ಸೀಸ ನಳಿಗೆಯ ಅಂಚಿಗೆ ತಾಗಿ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಅದು ಹೋಗಬಹುದು.

ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಮೊದಲು ಮಾಡಿದ್ದು ಚೇಂಬರಿನ ಹಿಂದೆ, ಎಕ್ಸ್‌ಟ್ರಾಕ್ಟರಿನ ಹಲ್ಲುಗಳ ಸುತ್ತ ಬ್ರಷ್ ಹಾಕಿದ್ದು. ಗಟ್ಟಿಯಾದ, ಕಂದು ಬಣ್ಣದ ಅಂಟು ಹೊರಗೆ ಬಂತು. "ತೆಂಗಿನೆಣ್ಣೆ ಹಾಕಿದ್ದಾರೆ, ಭಟ್ರೆ. ಇದು ಹೀಗೇ ಕಟ್ಟಿಕೊಳ್ಳುವುದು," ಅಂದರು. ತೊಳೆದ ಮೇಲೆ ಆರನೆಯದ್ದೂ ಸರಿಯಾಗಿ ನಿಂತಿತು. ಪಕ್ಕದ ಆ ಸಣ್ಣ ಅಲುಗಾಟಕ್ಕೆ ಅವರು ಕೈ ಹಾಕಲಿಲ್ಲ. "ಇಷ್ಟು ವಯಸ್ಸಿಗೆ ಇದು ಸಮ ಉಂಟು," ಅಂದರು. ನಳಿಗೆಯ ಒಳಗೆ ಬಿಳಿ ಕಾಗದದ ಬೆಳಕು ಬಿಟ್ಟು ನೋಡಿದರು. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಚೂಪಾಗಿದ್ದವು, ತುದಿಯ ಹತ್ತಿರ ಮಾತ್ರ ತುಕ್ಕು ತಿಂದ ಸಣ್ಣ ಚುಕ್ಕೆಗಳಿದ್ದವು.

ತೋಟೆಯ ವಿಷಯ ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. '.32' ಅಂದ ಕೂಡಲೇ ಎಲ್ಲ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ರಿವಾಲ್ವರಿನದ್ದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್. ಪಿಸ್ತೂಲಿನದ್ದು .32 ಎಸಿಪಿ, ಅದನ್ನೇ 7.65 ಮಿ.ಮೀ. ಅನ್ನುವುದೂ ಉಂಟು. ಪಿಸ್ತೂಲಿನ ತೋಟೆಯ ಹಿಂಭಾಗಕ್ಕೆ ಚಿಕ್ಕದೊಂದು ಅಂಚು ಇರುವುದರಿಂದ ಅದು ಈ ಚೇಂಬರಿನಲ್ಲೂ ಕೂತುಬಿಡುತ್ತದೆ. ಆದರೆ ಅದರ ಒತ್ತಡದ ಮಿತಿ 20,500 ಪಿಎಸ್‌ಐ, ಲಾಂಗ್‌ನದ್ದು 15,000. ನಡು ಮುರಿದು ತೆರೆಯುವ ಹಳೆಯ ರಿವಾಲ್ವರಿಗೆ ಆ ಹೆಚ್ಚಿನ ಹೊಡೆತ ಕೊಡಲೇಬಾರದು. ನಾನು ಅಂಗಡಿಯಲ್ಲಿ ತೋಟೆ ತಗೊಳ್ಳುವಾಗ ಪೆಟ್ಟಿಗೆಯ ಮೇಲಿನ ಬರಹವನ್ನೂ, ತೋಟೆಯ ಬುಡದ ಅಚ್ಚನ್ನೂ ಓದಿಯೇ ಸಹಿ ಹಾಕುತ್ತೇನೆ.

ಅಸಲಿ ಹೌದಾ ಅನ್ನುವುದನ್ನು ಗುರುತುಗಳು ಹೇಳುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದ ಇದೆ. ಅಲ್ಲಿ ಹೆಚ್ಚು ಮದ್ದು ಹಾಕಿ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಅಚ್ಚು ಒತ್ತುತ್ತಾರೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಂತ ಸಣ್ಣ ಅಕ್ಷರ ಇರುತ್ತವೆ. ಎನ್‌ಪಿ ಇದ್ದರೆ ಈಗಿನ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ ಅಂತ. ನನ್ನದರಲ್ಲಿ ಸಿಲಿಂಡರಿನ ಮೇಲೆ, ಚೇಂಬರ್ ಚೇಂಬರಿಗೂ ಈ ಗುರುತು ಇದೆ. ಅಂಚುಗಳು ಚೂಪಾಗಿವೆ, ಅಕ್ಷರಗಳ ಬದಿ ಕರಗಿಲ್ಲ, ಸ್ಕ್ರೂಗಳ ಸೀಳು ಹರಿದಿಲ್ಲ. ಮೇಲಿಂದ ಪಾಲಿಶ್ ಹೊಡೆಸಿದ್ದರೆ ಮೊದಲು ಹಾಳಾಗುವುದು ಇವೇ. ಹಿಡಿಯ ಹತ್ತಿರ ಬಣ್ಣ ಸವೆದು ಕಂದಾಗಿದೆ. ಹೊಸ ಬಣ್ಣ ಹಾಕಿಸಿ ಅಂತ ಹೇಳಿದವರು ಇದ್ದಾರೆ. ನಾನು ಖಂಡಿತ ಹಾಕಿಸುವುದಿಲ್ಲ. ಅದು ಅಷ್ಟು ವರ್ಷ ಒಬ್ಬರ ಕೈಯಲ್ಲಿ ಇದ್ದದ್ದರ ಗುರುತು, ನನಗೆ ಅದೇ ಇಷ್ಟ.

ಇನ್ನು ನಮ್ಮ ಕರಾವಳಿಯ ಗಾಳಿ. ಉಪ್ಪು, ತೇವ, ಮೇಲಿಂದ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಹಿರಿಯರು ಚರ್ಮದ ಚೀಲವನ್ನೂ ಕೊಟ್ಟಿದ್ದರು, ಬಹಳ ಚಂದದ್ದು. ಅದರೊಳಗೆ ಮಾತ್ರ ಇಡುವುದಿಲ್ಲ. ಚರ್ಮ ತೇವ ಎಳೆದುಕೊಂಡು ಕಬ್ಬಿಣಕ್ಕೆ ಒರಸುತ್ತದೆ. ಹತ್ತಿ ಬಟ್ಟೆಯಲ್ಲಿ ತೆಳುವಾಗಿ ಕೋವಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಜೋರು ಮಳೆಯ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ತೆಗೆದು ಒರಸುವುದು. ಆಯುಧ ಪೂಜೆಯ ದಿನ ಕುಂಕುಮ, ಹೂವು, ನೀರು ಎಲ್ಲ ಪೆಟ್ಟಿಗೆಯ ಮೇಲೆ ಮಾತ್ರ. ಅಮ್ಮನಿಗೆ ಮೊದಲು ಸ್ವಲ್ಪ ಬೇಸರ ಆಯಿತು, ಆಮೇಲೆ ಒಪ್ಪಿದರು.

ಹಾರಿಸಿ ನೋಡಿದ್ದು ರೈಫಲ್ ಕ್ಲಬ್ಬಿನ ರೇಂಜಿನಲ್ಲಿ, ಅನುಮತಿ ತಗೊಂಡು. ತೋಟದ ಮೂಲೆಯಲ್ಲೋ ಮದುವೆ ಮನೆಯಲ್ಲೋ ಹಾರಿಸುವ ಮಾತೇ ಇಲ್ಲ. ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾರಿಸಿದ ಮೇಲೆ ಖಾಲಿ ತೋಟೆಗಳನ್ನು ತೆಗೆದು ನೋಡಿದೆ. ಉಬ್ಬಿಲ್ಲ, ಸೀಳಿಲ್ಲ, ಪಿನ್ ಹೊಡೆದ ಗುರುತು ಎಲ್ಲದರಲ್ಲೂ ನಡುವಿಗೇ ಬಿದ್ದಿತ್ತು.

ಈಗ ಉಳಿದಿರುವುದು ಒಂದೇ ಚಿಂತೆ, ಒಳಗಿನ ಮೇನ್ ಸ್ಪ್ರಿಂಗ್. ಅದು ಇಂಗ್ಲಿಷಿನ 'ವಿ' ಆಕಾರದಲ್ಲಿ ಬಾಗಿದ ಪಟ್ಟಿ. ತುಂಡಾದರೆ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ, ಉಕ್ಕಿನ ಪಟ್ಟಿಯಿಂದ ಕೈಯಲ್ಲೇ ಮಾಡಬೇಕು. ಅಂಥ ಕೆಲಸ ಬಲ್ಲವರು ಕಡಿಮೆ ಆಗುತ್ತಿದ್ದಾರೆ. ನಮ್ಮ ರಿಪೇರಿಯವರು ಒಂದನ್ನು ಈಗಲೇ ಮಾಡಿಕೊಡಲು ಒಪ್ಪಿದ್ದಾರೆ. ಮಳೆಗಾಲ ಮುಗಿದ ಮೇಲೆ ಅಳತೆಗೆ ಒಯ್ದು ಕೊಡಬೇಕು.